ಸಂಜೆ ಆರರ ಹೌಸ್‌ಫುಲ್

ಸೆಪ್ಟೆಂಬರ್ ೪, ಬುಧವಾರ

ಇಂದು ಬೆಳಗ್ಗೆ ನಮ್ಮ ಬೆಲ್‌ಫೋರ್ಡಿನ ಮೇಯರು ಆಳುದ್ದದ ಕತ್ತರಿ ಹಿಡಿದು ನೀಲಿ ಪಟ್ಟಿಯೊಂದನ್ನು ಕತ್ತರಿಸಿದರು. ಪಟ್ಟಿಯ ಆಚೆಗೆ ಹೊಸ ಹೋಟೆಲು, ಈಚೆಗೆ ನಾನು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ತಟ್ಟದಿದ್ದರೆ ನಾಳೆಯ ಪತ್ರಿಕೆಯಲ್ಲಿ ಕೈ ಜೇಬಿನಲ್ಲಿಟ್ಟುಕೊಂಡು ನಿಂತ ನನ್ನ ಚಿತ್ರ ಬರುತ್ತಿತ್ತು.

ಆ ಹೋಟೆಲಿನ ಹೆಸರನ್ನು ಈ ಪುಟಗಳಲ್ಲಿ ಬರೆಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದೇನೆ. ಇನ್ನು ಮುಂದೆ ಅದು ಗಾಜಿನ ಡಬ್ಬಿ. ಏಳು ಅಂತಸ್ತು, ಛಾವಣಿಯ ಮೇಲೆ ಬಾರು, ನಾಯಿಗಳಿಗೂ ಸ್ವಾಗತವಂತೆ. ನಮ್ಮ ಪ್ರೂವಿಟ್ ಹೌಸಿನೊಳಗೆ ನಾಯಿ ಬರುವಂತಿಲ್ಲ. ಒಡತಿ ಮಿಸ್ ಯೂಲಲಿ ಪ್ರೂವಿಟ್ ಅವರ ತಾತ ಹತ್ತಿಯ ಕಾಲದಲ್ಲಿ ಇದನ್ನು ಕಟ್ಟಿಸಿದಂದಿನಿಂದ ಅಲಬಾಮಾದ ಸಮಸ್ತ ನಾಯಿಗಳೂ ಮೆಟ್ಟಿಲಿನಾಚೆಗೇ ನಿಂತಿವೆ. ಇಪ್ಪತ್ತಾರು ವರ್ಷದಿಂದ ನಾನು ಇದರ ಮ್ಯಾನೇಜರ್. ಊರಿನ ನಡುಮಧ್ಯದಲ್ಲಿ ಮಲಗಬೇಕೆನ್ನುವವರು ಇಷ್ಟು ಕಾಲವೂ ನನ್ನ ಅಪ್ಪಣೆ ಪಡೆದೇ ಮಲಗಿದ್ದಾರೆ. ಎರಡು ವರ್ಷದ ಹಿಂದೆ ಮೂಲೆಯ ಹಳೇ ಬ್ಯಾಂಕನ್ನು ಯಾರೋ ಪುಟ್ಟ ಹೋಟೆಲು ಮಾಡಿದರು. ಅದನ್ನು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದ್ದೆ. ಆದರೆ ನನ್ನ ಎದುರಿಗೇ, ರಸ್ತೆ ದಾಟಿದರೆ ಸಿಗುವಷ್ಟು ಹತ್ತಿರ ಕಟ್ಟುವುದೆಂದರೆ ಮರ್ಯಾದೆಗೂ ಒಂದು ಮಿತಿ ಬೇಡವೇ?

ಡಬ್ಬಿಯ ಒಡತಿ ಶ್ರೀಮತಿ ಜಿಗ್ನಾ ಭಕ್ತ ಅವರು. ಟಸ್ಕಲೂಸಾದಲ್ಲಿ ಹುಟ್ಟಿ, ತಂದೆಯ ಹೆದ್ದಾರಿ ಮೋಟೆಲಿನ ಕೌಂಟರಿನ ಹಿಂದೆ ಬೆಳೆದವರು. ಮಾತನ್ನು ನನಗಿಂತ ಉದ್ದಕ್ಕೆ ಎಳೆಯುತ್ತಾರೆ.

"ಮಿಸ್ಟರ್ ಆರ್ವಿಲ್, ಚಿಕ್ಕೋಳಿದ್ದಾಗ ನಮ್ಮಪ್ಪ ನಿಮ್ಮ ಹೋಟೆಲ್ ಮುಂದೆ ಕಾರು ನಿಲ್ಸಿ ತೋರಿಸ್ತಿದ್ರು. ನೋಡಮ್ಮ, ಹೋಟೆಲ್ ಅಂದ್ರೆ ಇದು ಅಂತ," ಎಂದರು.

ಶತ್ರುವಿನ ಹೊಗಳಿಕೆಯನ್ನು ನಂಬಬಾರದು. ಎರಡು ಲೋಟ ಪಾನಕ ಕುಡಿದು, ಒಂದೂ ಮುಗುಳ್ನಗೆ ಖರ್ಚು ಮಾಡದೆ ಹಿಂದಿರುಗಿದೆ.

ಸೆಪ್ಟೆಂಬರ್ ೧೨, ಗುರುವಾರ

ಸಂಜೆ ಆರರ ಫೋನು ಇಂದು ಮೊದಲ ಬಾರಿಗೆ ಡಬ್ಬಿಯಿಂದ ಬಂತು.

ಈ ಫೋನು ನಮ್ಮ ಕಸುಬಿನ ಹಳೆಯ ಸಂಪ್ರದಾಯ. ಸಂಜೆಯಾದರೆ ಒಂದು ಹೋಟೆಲಿನವರು ಇನ್ನೊಂದಕ್ಕೆ ಫೋನು ಮಾಡಿ "ಎಷ್ಟು ರೂಮು ಉಳಿದಿವೆ?" ಎಂದು ಕೇಳುತ್ತಾರೆ. ಒಬ್ಬರಲ್ಲಿ ಹೆಚ್ಚಾದ ಗಿರಾಕಿ ಇನ್ನೊಬ್ಬರಲ್ಲಿ ನೆಮ್ಮದಿಯಾಗಿ ಮಲಗಲಿ ಎಂಬುದು ಘೋಷಿತ ಉದ್ದೇಶ. ಪಕ್ಕದವನು ಎಷ್ಟು ಸೊರಗಿದ್ದಾನೆಂದು ತಿಳಿದು ಹಾಯಾಗಿ ಊಟ ಮಾಡುವುದು ನಿಜವಾದ ಉದ್ದೇಶ.

"ಎಷ್ಟು ಉಳ್ದಿವೆ, ಮಿಸ್ಟರ್ ಆರ್ವಿಲ್?"

ನಮ್ಮ ನೂರಮೂವತ್ತು ರೂಮುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಖಾಲಿ ಬಿದ್ದಿದ್ದವು. "ಹೌಸ್‌ಫುಲ್," ಎಂದೆ.

"ಅಬ್ಬಾ, ನಮ್ದೂ ಹೌಸ್‌ಫುಲ್ಲೇ!"

ಫೋನಿಟ್ಟ ಮೇಲೆ ಊಟ ಸೇರಲಿಲ್ಲ. ಈ ಊರಿನಲ್ಲಿ ಗುರುವಾರ ಎಲ್ಲಿಂದ ಬಂದರು ಆಕೆಗೆ ಅಷ್ಟು ಜನ?

ಸೆಪ್ಟೆಂಬರ್ ೨೦, ಶುಕ್ರವಾರ

ಮಿಸ್ ಯೂಲಲಿ ಮೇಲಿನ ಅಂತಸ್ತಿಗೆ ಕರೆಸಿದರು. ಅವರು ವಾಸವಿರುವುದೂ ಅಲ್ಲೇ. ನಾಲ್ಕು ಗಂಟೆಗೆ ಅವರ ಬರ್ಬನ್ ವಿಸ್ಕಿ, ಚೀಸ್ ಹಚ್ಚಿದ ಸಣ್ಣ ಸಣ್ಣ ಬ್ರೆಡ್ಡು. ಇಂದು ಮೂರನೆಯ ಕುರ್ಚಿಯೂ ಇತ್ತು. ಅದರಲ್ಲಿ ನ್ಯಾಶ್‌ವಿಲ್ಲಿನ ಕೋಲ್ಟನ್ ರೀವ್ಸ್ ಎಂಬ ತರುಣ. ಕಾಲುಚೀಲ ಹಾಕಿರಲಿಲ್ಲ.

"ಆರ್ವಿಲ್, ಮರೀ, ಈ ಹುಡುಗ ನಮ್ಮ ಹೋಟೆಲ್ನ ಕೊಂಡ್ಕೊಂಡು ಅಪಾರ್ಟ್‌ಮೆಂಟ್ ಮಾಡ್ತಾನಂತೆ."

"ಲಾಬಿ ಇದೆಯಲ್ಲ ಸರ್, ಅಲ್ಲಿ ಜಿಮ್ ಮಾಡಿದ್ರೆ ಸೂಪರ್ರಾಗಿರುತ್ತೆ," ಎಂದ ಆತ.

ಅಮೃತಶಿಲೆಯ ಲಾಬಿಯಲ್ಲಿ ಚಡ್ಡಿ ಹಾಕಿದವರು ಬೆವರುವ ದೃಶ್ಯ ಕಣ್ಣಿಗೆ ಕಟ್ಟಿತು.

"ನಾನೇನು ಹೂಂ ಅಂದಿಲ್ಲ," ಎಂದರು ಮಿಸ್ ಯೂಲಲಿ. "ಆದ್ರೆ ಖಾಲಿ ರೂಮುಗಳ ಮೇಲೆ ಮಲಗಿ ಸಾಯೋಕೆ ನಂಗಿಷ್ಟ ಇಲ್ಲ ಕಣೋ. ಕ್ರಿಸ್‌ಮಸ್ ತನಕ ನೋಡ್ತೀನಿ. ಚಳಿಗಾಲಕ್ಕೆ, ವಸಂತಕ್ಕೆ ಜನ ಬರ್ತಾರೆ ಅಂತ ನಂಬಿಕೆ ಬಂದ್ರೆ ಸರಿ. ಇಲ್ದಿದ್ರೆ ಇವನಿಗೆ ಬೀಗದಕೈ ಕೊಡ್ತೀನಿ."

ಕ್ರಿಸ್‌ಮಸ್ ತನಕ! ಐವತ್ತೇಳನೇ ವಯಸ್ಸಿನಲ್ಲಿ ನಾನು ಇನ್ನೇನು ಮಾಡಬಲ್ಲೆ? ನನಗೆ ಗೊತ್ತಿರುವುದು ಒಂದೇ: ಬಂದವರಿಗೆ ನಮಸ್ಕಾರ ಹೇಳಿ ಬೀಗದಕೈ ಕೊಡುವುದು. ಕೆಳಗೆ ನಲವತ್ತು ಜನ ಕೆಲಸದವರಿದ್ದಾರೆ. ಅವರಿಗೆ ಏನೂ ಹೇಳಲಿಲ್ಲ. ರೂಮುಗಳ ಮೇಲ್ವಿಚಾರಕಿ ಓಜೆಲ್ಲಾ ಮಾತ್ರ ನನ್ನ ಮುಖ ನೋಡಿ, "ಯಾಕ್ ಸಾಹೇಬ್ರೇ, ಮೇಲ್ಗಡೆ ದೆವ್ವ ಕಂಡ್ರಾ?" ಎಂದಳು.

"ಕಾಲುಚೀಲ ಇಲ್ಲದ ದೆವ್ವ," ಎಂದೆ.

ಸೆಪ್ಟೆಂಬರ್ ೨೬, ಗುರುವಾರ

ಅಟ್ಲಾಂಟಾದಿಂದ ಯಾವನೋ ಅಧ್ಯಯನದವನ ಫೋನು. ಊರೂರಿನ ಹೋಟೆಲುಗಳ ಬೇಡಿಕೆ, ಪೂರೈಕೆ ಅಳೆಯುವುದು ಆತನ ಉದ್ಯೋಗವಂತೆ. ದನಿಯಲ್ಲೇ ಟೈ ಕಟ್ಟಿಕೊಂಡಿದ್ದ. "ವಾರದ ನಡುವೆ ಹೇಗಿದೆ ಸಾರ್?" ಎಂದ. ಹೌಸ್‌ಫುಲ್. "ವಾರದ ಕೊನೆ?" ಅದೂ ಹೌಸ್‌ಫುಲ್. "ಜನರನ್ನ ವಾಪಸ್ ಕಳಿಸ್ತಿದೀರಾ?" ಕಳಿಸುತ್ತಿದ್ದೇನೆ, ಮನಸ್ಸಿಗೆ ನೋವಾಗುತ್ತದೆ, ಎಂದೆ. ಬಹಳ ಸಂತೋಷಪಟ್ಟ. ನನ್ನ ಪ್ರತಿಷ್ಠೆ ಈಗ ಅಟ್ಲಾಂಟಾದವರೆಗೂ ಹಬ್ಬಿದೆ.

ಅಕ್ಟೋಬರ್ ೮, ಮಂಗಳವಾರ

ಸಂಜೆ ಆರು. ಎಂದಿನ ಫೋನು, ಎಂದಿನ ಹೌಸ್‌ಫುಲ್. ಆದರೆ ಇಂದು ಶ್ರೀಮತಿ ಭಕ್ತ ಅವರು ಫೋನಿಡಲಿಲ್ಲ.

"ಮಿಸ್ಟರ್ ಆರ್ವಿಲ್, ಬೇಜಾರು ಮಾಡ್ಕೋಬೇಡಿ. ನಾನು ಕಿಟಕಿ ಹತ್ರಾನೇ ನಿಂತಿದೀನಿ. ನಿಮ್ಮ ನಾಲ್ಕನೇ ಅಂತಸ್ತು, ಐದನೇದು, ಎಲ್ಲಾ ಕತ್ತಲೆ. ನಿಮ್ಮ ಗಿರಾಕಿಗಳು ಕತ್ತಲಲ್ಲಿ ಕೂತು ಏನ್ ಮಾಡ್ತಿದಾರೆ?"

"ನಮ್ಮಲ್ಲಿಗೆ ಬರೋರು ಸಂಭಾವಿತರು. ಬೇಗ ಮಲಗ್ತಾರೆ."

"ಆರು ಗಂಟೆಗೇ?"

"ತುಂಬಾ ಸಂಭಾವಿತರು."

ಇಂಥ ಅವಮಾನವನ್ನು ಸಹಿಸಿ ಸುಮ್ಮನಿರುವ ವಂಶ ನಮ್ಮದಲ್ಲ. ಓಜೆಲ್ಲಾಳನ್ನು ಕರೆದು, ನಾಳೆಯಿಂದ ಸೂರ್ಯ ಮುಳುಗುತ್ತಲೇ ಖಾಲಿ ರೂಮುಗಳಲ್ಲೆಲ್ಲ ದೀಪ ಹಾಕಬೇಕೆಂದು ಆಜ್ಞಾಪಿಸಿದೆ.

"ಎಲ್ಲಾದ್ರಲ್ಲೂ?"

"ಎಲ್ಲದರಲ್ಲೂ. ಒಂದೊಂದು ಕಡೆ ಪರದೆ ಅರ್ಧ ಎಳೆದಿರಲಿ. ಸಹಜವಾಗಿ ಕಾಣಬೇಕು."

"ಬಲ್ಬುಗಳಿಗೆ ಬೆಳಗ್ಗೆ ತಿಂಡಿ ಎಷ್ಟೊತ್ತಿಗೆ ಕಳಿಸ್ಲಿ ಸಾಹೇಬ್ರೇ? ಮೊಟ್ಟೆ ಹೇಗ್ ಬೇಕಂತೆ?"

ಈ ಹೆಂಗಸಿಗೆ ಯುದ್ಧನೀತಿ ತಿಳಿಯದು.

ಅಕ್ಟೋಬರ್ ೧೨, ಶನಿವಾರ

ಫುಟ್‌ಬಾಲ್ ಶನಿವಾರ. ಪಕ್ಕದ ಊರಿನ ಮೈದಾನದಲ್ಲಿ ಆಟ ನಡೆದರೆ ಮಿಕ್ಕ ಜನವೆಲ್ಲ ನಮ್ಮೂರಿಗೆ ಹರಿಯುತ್ತದೆ. ಹಿಂದೆಲ್ಲ ಈ ದಿನ ಜನ ಲಾಬಿಯ ಸೋಫಾದಲ್ಲಾದರೂ ಮಲಗುತ್ತೇವೆ ಎಂದು ನನ್ನ ಕೈಹಿಡಿದು ಬೇಡುತ್ತಿದ್ದರು. ಆ ಕಾಲದ ನಿಯಮವನ್ನು ನಾನಿನ್ನೂ ಬಿಟ್ಟಿಲ್ಲ: ಎರಡು ದಿನಕ್ಕೆ ಕಡಿಮೆ ರೂಮು ಕೊಡುವುದಿಲ್ಲ. ಈ ಸಲ ನಿಯಮ ಕೇಳಿದ ಜನ "ಓಹೋ" ಎಂದು ಹೇಳಿ ರಸ್ತೆ ದಾಟಿದರು. ನಾಯಿಗಳೂ ಜೊತೆಗೆ ದಾಟಿದವು.

ಆರು ಗಂಟೆಗೆ ಫೋನು. "ಒಂದ್ ಹತ್ತಾದ್ರೂ ಉಳಿದಿದ್ಯಾ ಮಿಸ್ಟರ್ ಆರ್ವಿಲ್? ಐದು?"

ಎಂಥ ಬೇಹುಗಾರಿಕೆ! ದನಿಯಲ್ಲಿ ನಡುಕವನ್ನೂ ಬೆರೆಸಿದ್ದರು. ನಮ್ಮ ಕಟ್ಟಡ ದೀಪಾವಳಿಯಂತೆ ಝಗಝಗ ಎನ್ನುತ್ತಿತ್ತು. "ನೀವೇ ಕಿಟಕಿಯಿಂದ ನೋಡಿ," ಎಂದೆ, "ಹೌಸ್‌ಫುಲ್."

ಅಕ್ಟೋಬರ್ ೧೩, ಭಾನುವಾರ

ಮಧ್ಯಾಹ್ನ ಶ್ರೀಮತಿ ಭಕ್ತ ಅವರು ಒಂದು ಡಬ್ಬಿ ಢೋಕಳಾ ಹಿಡಿದುಕೊಂಡು ಬಂದರು. ಕಣ್ಣು ಕೆಂಪಾಗಿತ್ತು.

"ನೀವೂ ನಿನ್ನೆ ಅಷ್ಟು ಜನರನ್ನ ಸಂಭಾಳಿಸಿ ಸುಸ್ತಾಗಿರ್ತೀರ, ತಿನ್ನಿ. ನಂದಂತೂ ಕೇಳ್ಬೇಡಿ. ಯಾರಾದ್ರೂ ತಪ್ಪಿಸ್ಕೋತಾರೆ ಅಂತ ಇರೋದಕ್ಕಿಂತ ಜಾಸ್ತಿ ರೂಮು ಮಾರಿದ್ದೆ. ಒಬ್ರೂ ತಪ್ಪಿಸ್ಕೊಳ್ಳಲಿಲ್ಲ! ಮೂವತ್ತು ರೂಮಿನ ಜನ ಲಾಬಿಯಲ್ಲಿ ನಿಂತು ಬೈತಿದ್ರು. ನಿಮ್ಮಲ್ಲಿ ಜಾಗ ಇಲ್ಲ, ಮೂಲೆಯ ಬ್ಯಾಂಕ್ ಹೋಟೆಲಲ್ಲೂ ಇಲ್ಲ. ಕೊನೆಗೆ ಬಸ್ಸು ಮಾಡಿ ಹೆದ್ದಾರಿ ಮೋಟೆಲಿಗೆ ಕಳಿಸ್ದೆ. ಬಸ್ಸು, ರೂಮು ಎಲ್ಲಾ ನನ್ನ ಖರ್ಚು."

ಮಿಕ್ಕ ಗಿರಾಕಿಯನ್ನು ತನ್ನ ಖರ್ಚಿನಲ್ಲಿ ನೆರೆಯವರಲ್ಲಿ ಮಲಗಿಸುವುದು ಕಸುಬಿನ ಧರ್ಮ. ಅಂದರೆ ಮೂವತ್ತು ರೂಮು. ನಮ್ಮ ಬಾಗಿಲಿಗೆ ಬರಬೇಕಾಗಿದ್ದವು. ಪೂರ್ತಿ ಬಾಡಿಗೆ ಕೊಟ್ಟು. ನನ್ನಲ್ಲಿ ಐವತ್ತು ರೂಮುಗಳು ದೀಪ ಹಚ್ಚಿಕೊಂಡು ಕಾಯುತ್ತಿದ್ದವು.

ಢೋಕಳಾ ಚೆನ್ನಾಗಿತ್ತು. ಅದೇ ಹೆಚ್ಚು ನೋವಿನ ಸಂಗತಿ.

ಅಕ್ಟೋಬರ್ ೧೪, ಸೋಮವಾರ

ಬರೆಯುವಂಥದ್ದೇನಿಲ್ಲ. ದೀಪ ಹಾಕುವುದು ಬೇಡವೆಂದು ಓಜೆಲ್ಲಾಗೆ ಹೇಳಿದೆ. "ಪಾಪ, ಬಲ್ಬುಗಳು ಊರಿಗೆ ಹೊರಟ್ವಾ?" ಎಂದಳು.

ಅಕ್ಟೋಬರ್ ೨೨, ಮಂಗಳವಾರ

ಪತ್ರಿಕೆಯ ಮೊದಲ ಪುಟ: ಬೆಲ್‌ಫೋರ್ಡ್ ನಡುಪೇಟೆಯಲ್ಲಿ ರೂಮುಗಳಿಗೆ ಬರ! ಅಟ್ಲಾಂಟಾದ ತಜ್ಞರ ಅಧ್ಯಯನದಂತೆ ಇರುವ ಮೂರೂ ಹೋಟೆಲುಗಳು ವರ್ಷವಿಡೀ ತುಂಬಿ ತುಳುಕುತ್ತಿವೆಯಂತೆ. ಪ್ರವಾಸಿಗಳನ್ನು ಕಣ್ಣೀರಿಟ್ಟು ವಾಪಸು ಕಳಿಸಲಾಗುತ್ತಿದೆಯಂತೆ. (ಕಣ್ಣೀರು ನನ್ನದೇ ಕೊಡುಗೆಯಾಗಿರಬೇಕು.) ಆದ್ದರಿಂದ ಹೂಡಿಕೆದಾರರು ನಾಲ್ಕನೆಯ ಹೋಟೆಲು ಕಟ್ಟುವರು. ಇನ್ನೂರು ರೂಮು. ಜಾಗ: ಪ್ರೂವಿಟ್ ಹೌಸಿನ ಪಕ್ಕದ ಖಾಲಿ ನಿವೇಶನ.

ಮನುಷ್ಯ ತನ್ನ ಗೋರಿಯನ್ನು ತಾನೇ ತೋಡಿಕೊಳ್ಳುವುದುಂಟು. ಅದಕ್ಕೆ ಅಧ್ಯಯನ ಮಾಡಿಸಿ, ನಕ್ಷೆ ತರಿಸಿ, ಇನ್ನೂರು ಹಾಸಿಗೆ ಹಾಕಿಸಿಕೊಂಡವನು ನಾನೊಬ್ಬನೇ ಇರಬೇಕು.

ನಾಲ್ಕು ಗಂಟೆಗೆ ಮಿಸ್ ಯೂಲಲಿ. ಪತ್ರಿಕೆ ಮಡಿಲಲ್ಲಿತ್ತು.

"ಆರ್ವಿಲ್, ಮರೀ, ಊರಿಡೀ ತುಂಬಿದೆ ಅಂತ ಇದರಲ್ಲಿ ಬರ್ದಿದಾರೆ. ನನ್ನ ಕಾರಿಡಾರಲ್ಲಿ ಮಾತ್ರ ನನ್ನ ಕೋಲಿನ ಸದ್ದೇ ನಂಗೆ ಕೇಳ್ಸುತ್ತೆ. ಇವರೆಲ್ಲ ಎಲ್ಲಿ ಮಲಗಿದಾರೋ?"

"ಅಂಕಿ ಅಂಶಗಳು ಕೆಲವೊಮ್ಮೆ..." ಎಂದು ಶುರುಮಾಡಿದೆ.

"ಸುಳ್ಳು ಹೇಳಿದ್ಯಾ?"

"ಹೌದಮ್ಮ."

ಬರ್ಬನ್ ಒಂದು ಗುಟುಕು ಕುಡಿದರು. "ಕ್ರಿಸ್‌ಮಸ್ ತನಕ ಅಂದಿದ್ದೆ, ಅಲ್ವಾ? ಆ ಮಾತು ಹಾಗೇ ಇದೆ," ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು.

ನವೆಂಬರ್ ೪, ಸೋಮವಾರ

ಪಕ್ಕದ ನಿವೇಶನದಲ್ಲಿ ಅಗೆತ ಆರಂಭ. ಬೆಳಗ್ಗೆ ಏಳಕ್ಕೆ ನಮ್ಮ ಕಾಫಿ ಲೋಟಗಳು ತಾವಾಗಿಯೇ ಮೇಜಿನ ಮೇಲೆ ನಡೆಯುತ್ತವೆ.

ನವೆಂಬರ್ ೧೪, ಗುರುವಾರ

ಇಂದಿನದನ್ನು ವಿವರವಾಗಿ ಬರೆಯಬೇಕು.

ರೋಟರಿ ಊಟದಲ್ಲಿ ನನಗೂ ಜಿಗ್ನಾ ಭಕ್ತ ಅವರಿಗೂ ಒಂದೇ ಮೇಜು. ನಡುವೆ ಡ್ವೇನ್ ಕಲ್‌ಪೆಪರ್. ಊರಿಗೆ ಪ್ರವಾಸಿಗಳನ್ನು ಕರೆತರುವ ಕಚೇರಿಗೆ ಆತನೇ ಮುಖ್ಯಸ್ಥ. ಬಹಳ ಒಳ್ಳೆಯವನು. ಯಾರಿಗೂ ತೊಂದರೆ ಕೊಡಬಾರದೆಂದು ಯಾರನ್ನೂ ಕರೆತರುವುದಿಲ್ಲ.

"ನಿಮ್ಮಿಬ್ಬರಿಗೂ ಒಂದು ದೊಡ್ಡ ತಲೆನೋವು ತಪ್ಪಿಸ್ಬಿಟ್ಟೆ ನೋಡಿ," ಎಂದ ಕೋಳಿ ಕತ್ತರಿಸುತ್ತಾ. "ಸೆಲ್ಮಾದಿಂದ ಒಬ್ಬರು ಹೆಂಗಸು ಫೋನ್ ಮಾಡಿದ್ರು, ಮಿಸೆಸ್ ಬ್ರಾಡ್‌ನ್ಯಾಕ್ಸ್ ಅಂತ. ಚರ್ಚ್ ಅಷರ್‌ಗಳ ರಾಜ್ಯ ಸಮ್ಮೇಳನ ಅಂತೆ. ಮಾರ್ಚಲ್ಲಿ, ಇಡೀ ವಾರ. ಕಡಲ ತೀರದಲ್ಲಿ ಮಾಡ್ಬೇಕಂತಿದ್ರು, ಚಂಡಮಾರುತಕ್ಕೆ ಅಲ್ಲಿ ಸಭಾಂಗಣದ ಛಾವಣಿನೇ ಹಾರಿಹೋಯ್ತಂತೆ. ಮುನ್ನೂರೈವತ್ತು ರೂಮು ಬೇಕು, ನಡ್ಕೊಂಡು ಹೋಗೋ ದೂರದಲ್ಲಿ."

ನನ್ನ ಕೈಯಲ್ಲಿದ್ದ ಮುಳ್ಳುಚಮಚ ನಿಂತಿತು. ಆಚೆಯದೂ ನಿಂತಿತು.

"ನೀವೇನಂದ್ರಿ?" ಎಂದು ಇಬ್ಬರೂ ಒಟ್ಟಿಗೆ ಕೇಳಿದೆವು.

"ಏನಂತೀನಿ? ಪೇಪರಲ್ಲೇ ಬಂದಿದೆಯಲ್ಲ, ಎಲ್ಲಾ ಫುಲ್ಲು ಅಂತ. ಸಾರಿ ತಾಯಿ, ಜಾಗ ಇಲ್ಲ ಅಂದೆ. ಪೈ ತಿನ್ನಲ್ವಾ ಆರ್ವಿಲ್?"

ಪೈ ತಿನ್ನಲಿಲ್ಲ. ಹೊರಗೆ ಕಾರುಗಳ ನಡುವೆ ನಾವಿಬ್ಬರೇ ನಿಂತೆವು. ಅವರು ನನ್ನ ಬೂಟು ನೋಡಿದರು. ನಾನು ಅವರ ಕಾರಿನ ಚಕ್ರ ನೋಡಿದೆ.

"ಮಿಸ್ಟರ್ ಆರ್ವಿಲ್, ಒಂದ್ ಮಾತು ಕೇಳ್ಲಾ? ನಿಜ ಹೇಳ್ತೀರಾ?"

"ಮೊದಲು ನೀವು ಹೇಳಿ."

"ಮಾರ್ಚಲ್ಲಿ ನಂದು... ಮಾರ್ಚ್ ಯಾಕೆ, ಫುಟ್‌ಬಾಲ್ ಶನಿವಾರ ಬಿಟ್ರೆ ಯಾವತ್ತೂ ಅರ್ಧ ತುಂಬಿಲ್ಲ."

"ಮತ್ತೆ ದಿನಾ ಹೌಸ್‌ಫುಲ್ ಅಂತಿದ್ರಲ್ರೀ!"

"ನೀವು ಅಂತಿದ್ರಿ! ಎದುರುಗಡೆ ಆ ಹಳೇ ಕಟ್ಟಡ ದಿನಾ ಫುಲ್ಲು, ನನ್ನ ಹೊಸಾದು ಖಾಲಿ ಅಂದ್ರೆ ದುಡ್ಡು ಹಾಕಿದ ಮಾವನ ಮುಖ ಹೇಗ್ ನೋಡ್ಲಿ ನಾನು? ನಿಮ್ಮ ದೀಪಗಳನ್ನ ನೋಡಿ ಎಷ್ಟು ಸಂಜೆ ಅತ್ತಿದೀನಿ ಗೊತ್ತಾ?"

"ಆ ದೀಪಗಳ ಕೆಳಗೆ ಒಬ್ಬನೂ ಇರ್ಲಿಲ್ಲಮ್ಮ," ಎಂದೆ.

ಆಕೆ ನನ್ನನ್ನು ದಿಟ್ಟಿಸಿ ನೋಡಿದರು. ಆ ಮೂವತ್ತು ರೂಮಿನ ಬಸ್ಸು ಅವರ ಕಣ್ಣಿನಲ್ಲಿ ಹೊರಟು, ಹೆದ್ದಾರಿಯವರೆಗೂ ಹೋಗಿ ಬಂದದ್ದನ್ನು ನಾನು ಕಂಡೆ. ಹೊಡೆಯುತ್ತಾರೆಂದುಕೊಂಡೆ. ಕಾರಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ರೋಟರಿಯ ಅಧ್ಯಕ್ಷರು ಹೊರಗೆ ಬಂದವರು ಮತ್ತೆ ಒಳಗೆ ಹೋದರು.

ನಾಳೆ ಬೆಳಗ್ಗೆ ಸೆಲ್ಮಾಕ್ಕೆ ಹೊರಡುವುದೆಂದು ತೀರ್ಮಾನ. ಫೋನಿನಲ್ಲಿ ಹೇಳಿದರೆ ನಮ್ಮನ್ನು ಯಾರು ನಂಬುತ್ತಾರೆ?

ನವೆಂಬರ್ ೧೫, ಶುಕ್ರವಾರ

ಜಿಗ್ನಾಳ ವ್ಯಾನಿನಲ್ಲಿ ಹೋದೆವು. ದಾರಿಯಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡಳು. ಸಿಪ್ಪೆ ಹಾಕಲು ನನ್ನ ಟೋಪಿ ಕೇಳಿದಳು. ಕೊಟ್ಟೆ.

ಮಿಸೆಸ್ ಐಡೆಲ್ಲಾ ಬ್ರಾಡ್‌ನ್ಯಾಕ್ಸ್ ಚರ್ಚಿನ ಹಿಂದಿನ ಹಜಾರದಲ್ಲಿ ಬಿಳಿ ಕೈಗವಸುಗಳನ್ನು ಇಸ್ತ್ರಿ ಮಾಡಿಸುತ್ತಿದ್ದರು. ಎಪ್ಪತ್ತು ದಾಟಿದ ವಯಸ್ಸು, ಬೆನ್ನು ಮಾತ್ರ ಗೋಡೆಗೆ ಅಳತೆ ಕೊಡುವಷ್ಟು ನೆಟ್ಟಗೆ. ಅಷರ್‌ಗಳೆಂದರೆ ಭಾನುವಾರ ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ತೊಟ್ಟು ನಿಂತು, ಬಂದವರನ್ನು ಖಾಲಿ ಬೆಂಚು ಹುಡುಕಿ ಕೂರಿಸುವವರು. ಪಾದ್ರಿ ಕೂಡ ಅವರನ್ನು ಕಂಡರೆ ಬೂಟು ಒರೆಸಿಕೊಳ್ಳುತ್ತಾರೆ.

ವಿಷಯ ಹೇಳಿದೆವು. ಅವರು ಕನ್ನಡಕ ಕೆಳಗಿಳಿಸಿ ನೋಡಿದರು.

"ಆರು ಊರಿಗೆ ಫೋನ್ ಮಾಡ್ದೆ. ಆರೂ ಊರು ಫುಲ್ ಅಂದ್ವು. ನೀವಿಬ್ರು ಮಾತ್ರ ಕಾರು ಹತ್ತಿ ಬಂದು ಖಾಲಿ ಅಂತಿದೀರ. ಏನಾಗಿದೆ ನಿಮ್ಮ ಹೋಟೆಲ್‌ಗಳಿಗೆ? ತಿಗಣೆನಾ?"

"ತಿಗಣೆ ಇಲ್ಲ ತಾಯೀ," ಎಂದಳು ಜಿಗ್ನಾ. "ಮ್ಯಾನೇಜರುಗಳಿಗೆ ಸ್ವಲ್ಪ ಜಂಬ ಇತ್ತು, ಅಷ್ಟೇ. ಹೊಗೆ ಹಾಕ್ಸಿದೀವಿ."

"ನಲವತ್ತು ವರ್ಷದಿಂದ ಜನರನ್ನ ಕೂರಿಸ್ತಿದೀನಿ ಮಗಳೇ. ಖಾಲಿ ಬೆಂಚು ಇಟ್ಕೊಂಡು ತುಂಬಿದೆ ಅನ್ನೋ ಅಷರ್‌ನ ನಾನು ಮನೆಗೆ ಕಳಿಸ್ತೀನಿ." ಆಮೇಲೆ ನನ್ನ ಕಡೆ ತಿರುಗಿದರು. "ನಿಮ್ಮದು ಯಾವುದಂದ್ರಿ? ಪ್ರೂವಿಟ್ ಹೌಸಾ?"

ಹೌದೆಂದೆ.

"ನಂಗೆ ಏಳೋ ಎಂಟೋ ವರ್ಷ. ಬಿಳಿಯರ ಹೋಟೆಲಲ್ಲಿ ಕಪ್ಪು ಜನಕ್ಕೆ ಜಾಗ ಕೊಡದ ಕಾಲ. ಮಳೆ. ಕಾರು ಕೆಟ್ಟಿತ್ತು. ನಮ್ಮಪ್ಪ ಟೋಪಿ ಕೈಲಿ ಹಿಡ್ಕೊಂಡು ಹೋಗಿ ನಿಮ್ಮ ಹೋಟೆಲಲ್ಲಿ ರೂಮು ಕೇಳಿದ್ರು. ಫುಲ್ ಅಂದ್ರು. ಬಹಳ ಮರ್ಯಾದೆಯಾಗಿ ಅಂದ್ರಂತೆ. ನಾವು ಕಾರಲ್ಲೇ ಮಲಗಿದ್ವಿ. ನಾನು ಹಿಂದಿನ ಸೀಟಿಂದ ನಿಮ್ಮ ಕಿಟಕಿಗಳನ್ನ ನೋಡ್ತಾ ಇದ್ದೆ. ಒಂದರಲ್ಲೂ ದೀಪ ಇರ್ಲಿಲ್ಲ."

ಇಸ್ತ್ರಿ ಪೆಟ್ಟಿಗೆ ಬುಸ್ಸೆಂದಿತು.

"ಈಗ ಹೇಳಿ," ಎಂದರು. "ಮಾರ್ಚ್ ಎರಡನೇ ವಾರ. ಎಷ್ಟು ಖಾಲಿ ಇವೆ?"

"ಎಲ್ಲಾ ಖಾಲಿ ಇವೆ ತಾಯೀ," ಎಂದೆ. "ಕೆಳಗಿಂದ ಮೇಲಿನವರೆಗೂ. ಪ್ರೂವಿಟ್ ಹೌಸು ಪೂರ್ತಿ ಖಾಲಿ ಇದೆ. ನೀವು ಬರ್ಬೇಕು."

"ನೋಡೋಣ," ಎಂದರು. "ಮುಂದಿನ ಗುರುವಾರ ಬಂದು ನೋಡ್ತೀನಿ. ನೋಡ್ದೆ ನಾನು ಯಾರನ್ನೂ ಕೂರಿಸೋಳಲ್ಲ."

ಹಿಂದಿರುಗುತ್ತಾ ಊರು ಹತ್ತಿರ ಬಂದಾಗ ಜಿಗ್ನಾ, "ನಮ್ಮಪ್ಪ ಆ ಮೋಟೆಲ್ ಕೊಂಡಾಗ ಬೋರ್ಡ್ ಮೇಲೆ ‘ಖಾಲಿ ಇಲ್ಲ’ ಅನ್ನೋ ದೀಪ ಇತ್ತು. ಒಂದಿನಾನೂ ಹಾಕಿಲ್ಲ ಅವರು. ಯಾರ್ ಬಂದ್ರೂ ಹೇಗೋ ಜಾಗ ಮಾಡೋರು," ಎಂದಳು.

ಸಂಜೆ ಆರಕ್ಕೆ ಫೋನು. "ಎಂಬತ್ತು ಖಾಲಿ," ಎಂದೆ. "ತೊಂಬತ್ತು," ಎಂದಳು. ವಿಚಿತ್ರವೆಂದರೆ ಚೆನ್ನಾಗಿ ಹಸಿವಾಯಿತು.

ನವೆಂಬರ್ ೨೦, ಬುಧವಾರ

ನಮ್ಮಲ್ಲಿ ಒಟ್ಟು ಎಷ್ಟು ರೂಮಾಗುತ್ತವೆಂದು ಜಿಗ್ನಾ, ನಾನು ಮತ್ತು ಬ್ಯಾಂಕ್ ಹೋಟೆಲಿನವನು ಕೂತು ಲೆಕ್ಕ ಹಾಕಿದೆವು. ಮುನ್ನೂರ ಎಂಬತ್ತು. ನಮ್ಮ ರೂಮುಗಳು ಸಾಕಷ್ಟಿವೆ. ನಾಳೆ ನಮ್ಮ ಲಿಫ್ಟು ಕೆಡದಿದ್ದರೆ ಸಾಕು.

ನವೆಂಬರ್ ೨೧, ಗುರುವಾರ

ಮಿಸೆಸ್ ಬ್ರಾಡ್‌ನ್ಯಾಕ್ಸ್, ಜೊತೆಗೆ ಇನ್ನಿಬ್ಬರು. ಮೂವರಿಗೂ ಬಿಳಿ ಕೈಗವಸು. ಮೊದಲು ಜಿಗ್ನಾಳ ರಿವರ್ ಲ್ಯಾಂಟರ್ನ್ ಹೋಟೆಲು ನೋಡಿದರು. ಅದರ ಛಾವಣಿಯ ಬಾರಿನಲ್ಲಿ ಬೆಳಗಿನ ಪ್ರಾರ್ಥನೆ ಮಾಡಬಹುದೆಂದು ಒಪ್ಪಿದರು, ಬಾಟಲಿಗಳ ಮೇಲೆ ಬಟ್ಟೆ ಮುಚ್ಚಿದರೆ. ಆಮೇಲೆ ನಮ್ಮಲ್ಲಿಗೆ.

ಓಜೆಲ್ಲಾ ವಾರವಿಡೀ ತನ್ನ ಸೈನ್ಯದೊಂದಿಗೆ ರೂಮುಗಳನ್ನು ಉಜ್ಜುತ್ತಾ ಯಾರನ್ನೂ ಹತ್ತಿರ ಸೇರಿಸಿರಲಿಲ್ಲ. ಮಿಸೆಸ್ ಬ್ರಾಡ್‌ನ್ಯಾಕ್ಸ್ ನಾಲ್ಕನೇ ಅಂತಸ್ತಿನ ರೂಮಿನ ಬಾಗಿಲ ಚೌಕಟ್ಟಿನ ಮೇಲೆ ಬೆರಳೆಳೆದರು. ಬೆರಳನ್ನು ಬೆಳಕಿಗೆ ಹಿಡಿದರು. ಬಿಳಿಯಾಗಿಯೇ ಇತ್ತು.

"ಇನ್ನೊಂದ್ಸಲ ಎಳೀರಿ ತಾಯೀ," ಎಂದಳು ಓಜೆಲ್ಲಾ. "ಕೈಗವಸು ಇನ್ನೂ ಬೆಳ್ಳಗಾಗುತ್ತೆ."

ಎಲ್ಲ ಸರಾಗವಾಗಿ ನಡೆಯುತ್ತಿದೆಯೆಂದು ಲಾಬಿಗೆ ಇಳಿದರೆ, ಅಮೃತಶಿಲೆಯ ಮೇಲೆ ಮಂಡಿಯೂರಿ ಕೋಲ್ಟನ್ ರೀವ್ಸ್ ಟೇಪು ಹಿಡಿದು ಅಳೆಯುತ್ತಿದ್ದ. ಇಂದೂ ಕಾಲುಚೀಲವಿಲ್ಲ.

"ಯಾರಿವರು?" ಎಂದರು ಮಿಸೆಸ್ ಬ್ರಾಡ್‌ನ್ಯಾಕ್ಸ್.

ಹೊಸ ರತ್ನಗಂಬಳಿಯವನು ಎನ್ನಬಹುದಿತ್ತು. ನಾಲಿಗೆ ಆ ಪದದ ಅರ್ಧದವರೆಗೂ ಹೋಗಿತ್ತು. "ಈ ಹೋಟೆಲನ್ನ ಕೊಂಡು ಅಪಾರ್ಟ್‌ಮೆಂಟ್ ಮಾಡ್ಬೇಕು ಅಂತ ಇದಾರೆ," ಎಂದೆ.

ಜಿಗ್ನಾ ಕಣ್ಣು ಮುಚ್ಚಿಕೊಂಡಳು.

"ಹಾಗಾದ್ರೆ ಮಾರ್ಚಲ್ಲಿ ಇದು ಹೋಟೆಲಾಗಿರುತ್ತೋ ಇಲ್ವೋ?"

"ಅದು ನಂಗೊತ್ತಿಲ್ಲ ತಾಯೀ. ನಮ್ಮ ಒಡತಿಯವರನ್ನೇ ಕೇಳ್ಬೇಕು."

ಲಿಫ್ಟಿನಿಂದ ಮಿಸ್ ಯೂಲಲಿ ಹೊರಬಂದಿದ್ದರು. ಕೋಲೂರಿಕೊಂಡು ನಿಧಾನವಾಗಿ ಬಂದು ಮಿಸೆಸ್ ಬ್ರಾಡ್‌ನ್ಯಾಕ್ಸ್ ಎದುರು ನಿಂತರು. ಸೆಲ್ಮಾದ ಕಥೆಯನ್ನು ನಾನು ಅವರಿಗೆ ಅಂದೇ ಹೇಳಿದ್ದೆ. ಅಂದು ಅವರು ಬರ್ಬನ್ ಮುಟ್ಟಿರಲಿಲ್ಲ.

"ಆವತ್ತು ಕೌಂಟರ್ ಹಿಂದೆ ಇದ್ದಿದ್ದು ನಮ್ಮಪ್ಪ," ಎಂದರು. "ನಾನು ಒಳಗೆ ಕೂತು ಪಿಯಾನೊ ಕಲೀತಿದ್ದೆ ಇರ್ಬೇಕು."

"ನಾನು ಹೊರಗಿದ್ದೆ," ಎಂದರು ಮಿಸೆಸ್ ಬ್ರಾಡ್‌ನ್ಯಾಕ್ಸ್.

"ಗೊತ್ತು." ಕೋಲನ್ನು ಕೈಯಿಂದ ಕೈಗೆ ಬದಲಿಸಿದರು. "ಮಾರ್ಚಲ್ಲಿ ಎಷ್ಟು ಜನ ಬರ್ತೀರಿ?"

"ಏಳುನೂರು. ಕೈಗವಸು ಹಾಕ್ಕೊಂಡು. ಮುಂಬಾಗಿಲಿಂದ."

"ನಮ್ಮಲ್ಲಿ ಹಿಂಬಾಗಿಲು ಮುಚ್ಚಿ ಬಹಳ ವರ್ಷ ಆಯ್ತು," ಎಂದರು ಮಿಸ್ ಯೂಲಲಿ. ನೆಲದ ಕಡೆ ನೋಡಿದರು. "ಕೋಲ್ಟನ್, ಮಗೂ, ಆ ಟೇಪು ಸುತ್ಕೋ. ಜನ ಓಡಾಡೋ ಜಾಗ ಅದು, ಎಡವಿ ಬೀಳ್ತಾರೆ."

ಆತ ಎದ್ದ. "ಅಂದ್ರೆ ಮ್ಯಾಮ್, ಕ್ರಿಸ್‌ಮಸ್ ಆದ್ಮೇಲೆ ಮಾತಾಡೋಣ್ವಾ?"

"ಯಾವಾಗ ಬೇಕಾದ್ರೂ ಬಾ, ಮಾತಾಡೋಣ. ಹೋಟೆಲ್ ಬಗ್ಗೆ ಮಾತ್ರ ಬೇಡ. ಬರುವಾಗ ಕಾಲುಚೀಲ ಹಾಕ್ಕೊಂಡ್ ಬಾ, ನೆಗಡಿಯಾಗುತ್ತೆ."

ಮಿಸೆಸ್ ಬ್ರಾಡ್‌ನ್ಯಾಕ್ಸ್ ತಮ್ಮ ಬಲಗೈಯ ಕೈಗವಸನ್ನು ನಿಧಾನವಾಗಿ, ಬೆರಳು ಬೆರಳಾಗಿ ಕಳಚಿ, ಬರಿಗೈ ಮುಂದೆ ಚಾಚಿದರು.

ಇಬ್ಬರು ಮುದುಕಿಯರು ಕೈ ಕುಲುಕಿದರೆ ಅದೆಷ್ಟು ಹೊತ್ತು ಹಿಡಿದಿರುತ್ತಾರೆ! ನಾನು ಕೌಂಟರಿನ ಹಿಂದೆ ಹೋಗಿ ಬೀಗದಕೈಗಳನ್ನು ಸರಿಯಾಗಿಯೇ ಇದ್ದ ಕಡೆಯಿಂದ ತೆಗೆದು ಮತ್ತೆ ಅಲ್ಲೇ ತೂಗುಹಾಕಿದೆ. ಓಜೆಲ್ಲಾ ಬಂದು, "ಧೂಳು ಕಣ್ಣಿಗೆ ಹೋಯ್ತಾ ಸಾಹೇಬ್ರೇ? ನನ್ನ ಹೋಟೆಲಲ್ಲಿ ಧೂಳೇ ಇಲ್ವಲ್ಲ," ಎಂದಳು.

ನವೆಂಬರ್ ೨೮, ಗುರುವಾರ

ಥ್ಯಾಂಕ್ಸ್‌ಗಿವಿಂಗ್. ಜಿಗ್ನಾಳ ಮನೆಯಲ್ಲಿ ಊಟ. ಟರ್ಕಿ ಕೋಳಿಯ ಬದಲು ಉಂಧಿಯು ಎಂಬ ಗುಜರಾತಿ ತರಕಾರಿ ಪಲ್ಯ. ಮಾವನವರು ನನಗೆ ಮೂರು ಸಲ ಬಡಿಸಿದರು. ಇಪ್ಪತ್ತಾರು ವರ್ಷದಲ್ಲಿ ಹಬ್ಬದ ದಿನ ಕೌಂಟರಿನಲ್ಲಿ ನಿಲ್ಲದಿದ್ದುದು ಇದೇ ಮೊದಲು. ಹೋಟೆಲು ಬಿದ್ದುಹೋಗಲಿಲ್ಲವೆಂದು ಈಗ ತಾನೇ ಫೋನು ಮಾಡಿ ಖಚಿತಪಡಿಸಿಕೊಂಡೆ. ತುಂಬಾ ನಿದ್ದೆ ಬರುತ್ತಿದೆ.

ಡಿಸೆಂಬರ್ ೬, ಶುಕ್ರವಾರ

ಅಷರ್‌ಗಳ ಸಮ್ಮೇಳನದ ಕರಾರಿಗೆ ಸಹಿಯಾಯಿತು.

ಡಿಸೆಂಬರ್ ೧೯, ಗುರುವಾರ

ಮಿಸೆಸ್ ಬ್ರಾಡ್‌ನ್ಯಾಕ್ಸ್ ಫೋನು. ಸುದ್ದಿ ಹಬ್ಬಿ ಜಾರ್ಜಿಯಾದ ಅಷರ್‌ಗಳೂ ಬರುತ್ತಾರಂತೆ. ಎಲ್ಲ ಸೇರಿ ಇನ್ನೂ ಅರವತ್ತು ರೂಮು ಬೇಕು. ನಮ್ಮ ಮೂರೂ ಹೋಟೆಲುಗಳನ್ನು ತಲೆಕೆಳಗು ಮಾಡಿದರೂ ಅಷ್ಟಿಲ್ಲ. ಮಿಸ್ ಯೂಲಲಿ ತಮ್ಮ ಅಂತಸ್ತನ್ನೇ ಬಿಟ್ಟುಕೊಟ್ಟರು. ಆ ವಾರ ಅವರು ರಿವರ್ ಲ್ಯಾಂಟರ್ನ್‌ನಲ್ಲಿ ಇರುತ್ತಾರಂತೆ. ಅಲ್ಲಿಯ ಸ್ನಾನದ ತೊಟ್ಟಿಯ ಮೇಲೆ ಅವರಿಗೆ ಮೊದಲಿನಿಂದಲೂ ಕಣ್ಣಿತ್ತಂತೆ! ಆದರೂ ಇಪ್ಪತ್ತು ಕಡಿಮೆ.

ಮಧ್ಯಾಹ್ನ ಕೋಟು ಹಾಕಿಕೊಂಡು ಪಕ್ಕದ ನಿವೇಶನಕ್ಕೆ ಹೋದೆ. ಇನ್ನೂ ಬರೀ ಗುಂಡಿ. ಕಂಟ್ರಾಕ್ಟರ್ ಹೆಲ್ಮೆಟ್ ಓರೆ ಮಾಡಿಕೊಂಡು ಸ್ಯಾಂಡ್‌ವಿಚ್ ತಿನ್ನುತ್ತಿದ್ದ.

"ಏನ್ರೀ ಇದು? ಆರು ವಾರದಿಂದ ಅಗೀತಾನೇ ಇದೀರಿ. ಯಾವಾಗ ಮುಗ್ಸೋದು?"

"ಇನ್ನೊಂದೂವರೆ ವರ್ಷ ಬೇಕು ಸರ್," ಎಂದ.

"ಒಂದೂವರೆ ವರ್ಷಾನಾ! ನಮಗೆ ಜನ ಬರ್ತಿದಾರೆ ಕಣ್ರೀ, ಮಲಗೋಕೆ ಜಾಗ ಬೇಡ್ವಾ? ಸ್ವಲ್ಪ ಕೈ ಬೀಸಿ ಕೆಲಸ ಮಾಡಿ!"

ಈ ಕಾಲದವರಿಗೆ ಊರಿನ ಬಗ್ಗೆ ಕಾಳಜಿಯೇ ಇಲ್ಲ.